ನಾಲ್ಕು ಬೆರಳು ಸಡಿಲ

ಭೀಮರಾಜನ ಹೊಟ್ಟೆ ಉರಿಯಲು ಶುರುವಾದದ್ದು ಒಂದು ಲೋಟ ಕಾಫಿಯಿಂದ. ಕಾಫಿ ಅವನಿಗೆ ಬಂದದ್ದಲ್ಲ, ಅದೇ ತಾನೆ ತಕರಾರು.

ಸಾಸಲಿನ ಮುನಿರತ್ನಮ್ಮನ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ದೊಡ್ಡಬಳ್ಳಾಪುರದ ಕೋದಂಡರಾಮಯ್ಯನವರ ಶೆಡ್ಡಿನಿಂದ ಅಲ್ಲಿಗೆ ರೇಷ್ಮೆ ನೂಲು ಹೋಗುತ್ತಿತ್ತು, ಅಲ್ಲಿಂದ ಸೀರೆ ವಾಪಸು ಬರುತ್ತಿತ್ತು. ಹೋಗುವುದೂ ಬರುವುದೂ ಒಂದೇ ಹಳೇ ಬಿಳಿ ಪಿಕಪ್ಪಿನಲ್ಲಿ. ಹದಿನಾಲ್ಕು ವರ್ಷದಿಂದ ಅದನ್ನು ಓಡಿಸುತ್ತಿದ್ದವನು ಭೀಮರಾಜ ಒಬ್ಬನೇ. ಈ ಹದಿನಾಲ್ಕು ವರ್ಷದಲ್ಲಿ ಮುನಿರತ್ನಮ್ಮ ಅವನಿಗೆ ಕೊಟ್ಟದ್ದು ಒಂದು ಚೊಂಬು ನೀರು, ಬೇಸಿಗೆಯಾದರೆ ಮಜ್ಜಿಗೆ, ಎರಡೂ ಜಗಲಿಯ ಮೇಲೆ. ಹೆಂಗಸರೇ ಇರುವ ಮನೆಯೊಳಕ್ಕೆ ಡ್ರೈವರನ್ನು ಯಾಕೆ ಕರೆದಾರು, ಅದು ಅವನಿಗೂ ಗೊತ್ತು. ಆದರೆ ಆವತ್ತು ಸೀರೆ ನೋಡಿ ತರಲೆಂದು ಅವನ ಜೊತೆ ಬಂದಿದ್ದ ಪವಿತ್ರ ನೆಟ್ಟಗೆ ಒಳಗೆ ಹೋದಳು, ಮಗ್ಗದ ಪಕ್ಕದಲ್ಲೇ ಕೂತಳು, ಘಮಘಮ ಅನ್ನುವ ಕಾಫಿ ಕುಡಿದಳು. ಹೊರಡುವಾಗ ಅಂಚು ಬಿಗಿಯಿಲ್ಲವೆಂದು ಒಂದು ಸೀರೆಯನ್ನು ನಗುನಗುತ್ತಲೇ ಪಕ್ಕಕ್ಕಿಟ್ಟಳು. ಮುನಿರತ್ನಮ್ಮ ಮುಖ ಊದಿಸಿಕೊಳ್ಳುವ ಬದಲು ಗಾಡಿಯವರೆಗೂ ಬಂದು ಕಳಿಸಿಕೊಟ್ಟಳು.

"ಗಾಡೀನೂ ಇವಳೇ ತಂದ್ರೆ ಎಷ್ಟು ಚೆಂದ ಅಲ್ವಾ ಭೀಮಣ್ಣ? ಸೋಂಪುರದಲ್ಲಿ ವ್ಯಾನು ಓಡಿಸ್ತಿದ್ಲಂತೆ. ಕೇಳಿ ನಿಮ್ಮ ಯಜಮಾನ್ರನ್ನ."

ಕೇಳಿ ಅಂತೆ! ಇವನೇ ಹೋಗಿ ಕೇಳಬೇಕಂತೆ!

ಪವಿತ್ರ ಶೆಡ್ಡಿಗೆ ಸೇರಿ ಮೂರು ವರ್ಷವಾಗಿತ್ತು. ಮಗ್ಗದಲ್ಲಿ ಒಂದು ಹಾಸು ಮುಗಿದರೆ, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗಳಿಗೆ ಗಂಟು ಹಾಕಿ ಸೇರಿಸಬೇಕು. ಅದು ಅವಳ ಕೆಲಸ. ಮದುವೆಗೆ ಮುಂಚೆ ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಎರಡು ವರ್ಷ ಕ್ಯಾಂಟೀನಿನ ವ್ಯಾನು ಓಡಿಸಿದ್ದಳು ಎಂಬ ಸಂಗತಿ ಶೆಡ್ಡಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಬಾಯಿ ಬಿಡದೆ ಇದ್ದಳಲ್ಲ, ಎಂಥಾ ಗಟ್ಟಿಗಿತ್ತಿ ಇರಬೇಕು ಎಂದು ಭೀಮರಾಜ ದಾರಿಯುದ್ದಕ್ಕೂ ಹಲ್ಲು ಕಡಿದ. ಅವಳು ಹೇಳಿಕೊಂಡಿದ್ದರೆ ಜಂಬಗಾತಿ ಎಂದು ಬೈಯುತ್ತಿದ್ದ, ಆ ಮಾತು ಬೇರೆ.

ಅವನು ಕೇಳದಿದ್ದರೇನು, ಮುನಿರತ್ನಮ್ಮನಿಗೆ ಫೋನಿಲ್ಲವೇ? ಮೂರನೇ ದಿನ ಕೋದಂಡರಾಮಯ್ಯನವರೇ ಅಂಗಳಕ್ಕೆ ಬಂದು ನಿಂತರು. "ಮನೆಮಗ್ಗದ ಕಡೆಗೆಲ್ಲ ಪವಿತ್ರ ಹೋಗ್ಲಿ ಅಂತಿದ್ದೀನಿ ಕಣಪ್ಪ. ಹೆಂಗಸ್ರು ಅವಳ ಹತ್ರ ಮನಸ್ಸು ಬಿಚ್ಚಿ ಮಾತಾಡ್ತಾರೆ. ನೋಡೋಣ, ಇವತ್ತು ಗಾಡಿ ಒಂದು ಸುತ್ತು ಓಡಿಸ್ಲಿ."

ಭೀಮರಾಜ ಕೀಯನ್ನು ಮುಷ್ಟಿಯೊಳಗೆ ಬಿಗಿ ಹಿಡಿದ. ಮರುಕ್ಷಣವೇ ಒಂದು ವಿಷಯ ನೆನಪಾಗಿ, ಧಾರಾಳವಾಗಿ ಬಾಗಿಲು ತೆಗೆದುಕೊಟ್ಟ.

ಆ ವಿಷಯ ಏನೆಂದರೆ, ಪಿಕಪ್ಪಿನ ಸ್ಟೀರಿಂಗು ಎರಡು ವರ್ಷದಿಂದ ಸಡಿಲವಾಗಿತ್ತು. ಎಷ್ಟು ಸಡಿಲ ಎಂದರೆ ನಾಲ್ಕು ಬೆರಳು. ಅಂದರೆ ಸ್ಟೀರಿಂಗನ್ನು ನಾಲ್ಕು ಬೆರಳಿನಷ್ಟು ಆ ಕಡೆ ಈ ಕಡೆ ತಿರುಗಿಸಿದರೂ ಮುಂದಿನ ಚಕ್ರಗಳಿಗೆ ಅದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಜೊತೆಗೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ನೇರ ಹೋಗಬೇಕಾದರೆ ಒಂದು ಅಂಗೈಯಷ್ಟು ಬಲಕ್ಕೆ ಹಿಡಿದಿರಬೇಕು, ತಿರುವು ಬರುವ ಮೊದಲೇ ತಿರುಗಿಸಲು ಶುರು ಮಾಡಬೇಕು, ಲಾರಿ ಎದುರಾದರೆ ಎರಡು ಸಲ ಕುಲುಕಿ ಹಿಡಿತ ಸಿಕ್ಕಿತೇ ಎಂದು ನೋಡಿಕೊಳ್ಳಬೇಕು. ಇದೆಲ್ಲ ಭೀಮರಾಜನ ಕೈಗೆ ಅಂಟಿಹೋಗಿತ್ತು. ಅವನು ಯೋಚನೆ ಕೂಡ ಮಾಡುತ್ತಿರಲಿಲ್ಲ.

ಸರಿ ಮಾಡಿಸಲಿಲ್ಲ ಯಾಕೆ? ಮಾಡಿಸೋಣ ಎಂದೇ ಇದ್ದ, ದೇವರಾಣೆ. ಅಷ್ಟರಲ್ಲಿ ಅವನಿಗೆ ಡೆಂಗಿ ಜ್ವರ ಬಂದು ವಾರ ಮಲಗಿದ. ಯಜಮಾನರ ಮಗ ಯೋಗಾನಂದ, ದಿನಾ ಕಾರು ಓಡಿಸುವವನು, ಪಿಕಪ್ಪು ತೆಗೆದುಕೊಂಡು ಹೋಗಿ ಬೀದಿಯ ಕೊನೆಯಿಂದಲೇ ಬೆವರು ಒರೆಸಿಕೊಳ್ಳುತ್ತಾ ವಾಪಸು ಬಂದನಂತೆ. "ಅಯ್ಯಪ್ಪಾ, ಈ ಗಾಡಿ ಭೀಮಣ್ಣಂಗೊಬ್ಬಂಗೇ ಬಗ್ಗೋದು" ಎಂದನಂತೆ. ಜ್ವರದ ಹಾಸಿಗೆಯಲ್ಲಿ ಆ ಮಾತು ಕೇಳಿದಾಗ ಭೀಮರಾಜನಿಗೆ ಅರ್ಧ ಕಾಯಿಲೆ ಬಿಟ್ಟುಹೋಯಿತು. ಆಮೇಲೆ ಅವನು ಗಾಡಿಯನ್ನು ಯಾವ ಮೆಕ್ಯಾನಿಕ್ಕಿಗೂ ತೋರಿಸಲಿಲ್ಲ. ತೀರಾ ಹೆಚ್ಚಾದಾಗ ತಾನೇ ಕೆಳಗೆ ನುಗ್ಗಿ ಅದಕ್ಕೆ ಇದಕ್ಕೆ ಏನೋ ಕಟ್ಟಿ, ಒಂದು ಸ್ಕ್ರೂ ಬಿಗಿದು ಎದ್ದು ಬರುತ್ತಿದ್ದ.

ಅಂಥ ಗಾಡಿಯನ್ನು ಪವಿತ್ರ ಹತ್ತಿದಳು. ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಶೆಡ್ಡಿನ ಇಪ್ಪತ್ತು ಜನ ಮಗ್ಗ ನಿಲ್ಲಿಸಿ ಅಂಗಳಕ್ಕೆ ಬಂದು ನಿಂತಿದ್ದರು. "ಏನಾದ್ರೂ ನೋಡ್ಕೋಬೇಕಾ ಅಣ್ಣಾ?" ಎಂದು ಅವಳು ಕಿಟಕಿಯಿಂದ ಕೇಳಿದಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. "ಏನಿಲ್ಲಮ್ಮ, ನೀನು ಓಡ್ಸಿರೋಳಲ್ವಾ" ಎಂದ ಭೀಮರಾಜ.

ಗಾಡಿ ಎರಡು ಮಾರು ಹೋಯಿತು. ಗೇಟಿನ ಹತ್ತಿರ ಅವಳು ಬಲಕ್ಕೆ ತಿರುಗಿಸಿದಳು, ಗಾಡಿ ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದಳು. ಅಷ್ಟರಲ್ಲಿ ಎಡಗಡೆಯ ಕಂಬ ಬಂದೇಬಿಟ್ಟಿತು. ಧಡ್ ಎಂದು ಬಡಿದು ಗಾರೆ ಉದುರಿತು, ದೀಪ ಒಡೆಯಿತು. ಆಮೇಲೆ ಯಾರೋ ಕಿಸಕ್ಕೆಂದರು, ಹಿಂದೆಯೇ ಇಡೀ ಅಂಗಳ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಭೀಮರಾಜ. ಯಜಮಾನರೂ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು.

ಪವಿತ್ರ ಇಳಿದಳು. ಅಳಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. "ಯಜಮಾನ್ರೇ, ಸ್ಟೀರಿಂಗು ಸಡಿಲ ಇದೆ," ಎಂದಳು.

"ಕುಣಿಯೋಕೆ ಬರ್ದೋರು ನೆಲ ಸರಿಯಿಲ್ಲ ಅಂದ್ರಂತೆ" ಎನ್ನುವ ಧಾಟಿಯಲ್ಲಿ ಶೆಡ್ಡಿನವರು ಹನ್ನೊಂದು ದಿನ ಅವಳನ್ನು ಆಡಿಕೊಂಡರು. ಅವಳು ಹಾದುಹೋದರೆ ಸಾಕು, ಬಾಯಲ್ಲೇ ಹಾರ್ನ್ ಹೊಡೆಯುವರು. ಭೀಮರಾಜನಿಗೆ ಆ ಹನ್ನೊಂದು ದಿನ ಒಳ್ಳೇ ನಿದ್ದೆ ಬಂತು.

ಹೆಂಡತಿ ವಾಣಿಶ್ರೀಯೊಬ್ಬಳೇ ಅವನ ಸಂತೋಷಕ್ಕೆ ಅಡ್ಡ ಬಂದದ್ದು. ಅವಳು ಮುದ್ದೆ ತಿರುವುತ್ತಾ, "ಅಲ್ರೀ, ನಿಮಗೆ ಆ ಹುಡುಗಿ ಓಡ್ಸೋದು ಉರಿಯೋ, ಚೆನ್ನಾಗಿ ಓಡಿಸ್ಬಿಟ್ಟಾಳು ಅಂತ ಉರಿಯೋ?" ಎಂದು ಕೇಳಿದಳು. ಭೀಮರಾಜ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಕೆಲವು ಹೆಂಡಂದಿರಿಗೆ ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟುವ ಚಾಳಿ.

ಹನ್ನೆರಡನೆಯ ದಿನ ಭಾನುವಾರ. ಕೋದಂಡರಾಮಯ್ಯನವರು ನಗು ನಕ್ಕು ಮರೆಯುವವರಲ್ಲ, ಕಿವಿಗೆ ಬಿದ್ದ ಮಾತನ್ನು ಇಟ್ಟುಕೊಳ್ಳುವವರು. "ಸಡಿಲ ಇದೆ ಅಂದ್ಲಲ್ಲ. ಅಪ್ಪಯ್ಯಣ್ಣಂಗೆ ತೋರಿಸ್ಕೊಂಡು ಬನ್ನಿ. ಇಬ್ಬರೂ ಹೋಗಿ. ಸಡಿಲ ಇಲ್ಲ ಅಂದ್ರೆ ಆ ಮಾತು ಅಲ್ಲಿಗೆ ಮುಗೀತು, ಗಾಡಿ ಭೀಮಂದೇ. ಇದ್ರೆ, ಸರಿ ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ," ಎಂದರು.

ಆಮೇಲೆ ನೋಡೋಣ! ಆ 'ಆಮೇಲೆ' ಭೀಮರಾಜನ ಗಂಟಲಿಗೆ ಸಿಕ್ಕಿಕೊಂಡಿತು. ಸ್ಟೀರಿಂಗು ಬಿಗಿಯಾಯಿತೆಂದರೆ ಯೋಗಾನಂದನೂ ಓಡಿಸುತ್ತಾನೆ, ಪವಿತ್ರಳೂ ಓಡಿಸುತ್ತಾಳೆ, ದಾರಿಯಲ್ಲಿ ಹೋಗುವವರೂ ಓಡಿಸುತ್ತಾರೆ. ಆಗ ಭೀಮರಾಜ ಎಂದರೆ ಯಾರು? ಮನೆಮನೆಗೆ ಕರೆಸಿಕೊಳ್ಳುವವಳು ಅವಳು, ಇವನು ಜಗಲಿಯ ಮೇಲೆ ನೀರು ಕುಡಿಯುವವನು.

ಅಪ್ಪಯ್ಯಣ್ಣನ ಗ್ಯಾರೇಜು ದೊಡ್ಡಬೆಳವಂಗಲದ ಕ್ರಾಸಿನಲ್ಲಿತ್ತು. ಎಪ್ಪತ್ತರ ಮುದುಕ, ತೆಳ್ಳಗೆ ಕಡ್ಡಿ, ಬಾಯಿ ಮಾತ್ರ ಮಹಾ ಜೋರು. ಗಾಡಿ ನಿಂತದ್ದೇ ತಡ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗಿದ. ಭೀಮರಾಜ ಜಾಕ್ ತರಲು ಹೋದರೆ ಒಳಗಿಂದಲೇ ಗದರಿದ.

"ಜಾಕ್ ಗೀಕ್ ಬೇಡ ಕಣ್ಲಾ. ಗಾಡಿ ಭಾರ ಚಕ್ರದ ಮೇಲೇ ಇರ್ಬೇಕು, ಆಗ್ಲೇ ಸಡಿಲ ಗೊತ್ತಾಗೋದು. ನೀನು ಮೇಲೆ ಕೂತ್ಕೊಂಡು ಸ್ಟೀರಿಂಗ್ ಆ ಕಡೆ ಈ ಕಡೆ ಅಲ್ಲಾಡಿಸು. ನಾನು ಒಂದೊಂದು ಜಾಯಿಂಟಿನ ಮೇಲೂ ಕೈ ಇಟ್ಟು ನೋಡ್ತೀನಿ. ಯಾವುದು ಸತ್ತಿದ್ಯೋ ಅದು ಕೈಗೇ ಒದೆಯುತ್ತೆ."

ಭೀಮರಾಜ ಕೂತು ಅಲ್ಲಾಡಿಸಿದ. ಹೇಗೆ ಅಲ್ಲಾಡಿಸಿದ ಎನ್ನುತ್ತೀರಿ! ತನ್ನ ಗಾಡಿಯ ನಾಲ್ಕು ಬೆರಳು ಅವನಿಗೆ ಗೊತ್ತಿಲ್ಲವೇ? ಮೂರೂವರೆ ಬೆರಳಿಗೆ ನಿಲ್ಲಿಸಿ, ಮೂರೂವರೆಗೇ ವಾಪಸು ತರುತ್ತಿದ್ದ. ಸ್ಟೀರಿಂಗು ಆಡುತ್ತಿತ್ತು, ಕೆಳಗಿನ ಸರಳು ಮಿಸುಕುತ್ತಿರಲಿಲ್ಲ. ನೋಡುವವರಿಗೆ ಮೈಮುರಿದು ಕೆಲಸ ಮಾಡುತ್ತಿರುವ ಹಾಗೆ ಕಾಣಬೇಕು ಎಂದು ಹಣೆಯನ್ನೂ ಗಂಟಿಕ್ಕಿಕೊಂಡಿದ್ದ. ಬಾಗಿಲ ಹತ್ತಿರ ನಿಂತಿದ್ದ ಪವಿತ್ರ ಅವನ ಹಣೆಯನ್ನು ನೋಡಲಿಲ್ಲ, ಕೈಯನ್ನು ನೋಡುತ್ತಿದ್ದಳು.

"ಏನೂ ಆಗ್ತಿಲ್ವಲ್ಲ," ಎಂದ ಅಪ್ಪಯ್ಯಣ್ಣ ಕೆಳಗಿಂದ. ಭೀಮರಾಜನ ಎದೆ ಹಗುರವಾಯಿತು. ಅಷ್ಟರಲ್ಲಿ ಮುದುಕ ತೆವಳಿಕೊಂಡು ಹೊರಗೆ ಬಂದ. "ಇಳಿಯಪ್ಪಾ ನೀನು. ಗಾಡಿಗೆ ನೋವಾಗುತ್ತೆ ಅಂತ ಸವರ್ತಾ ಇದ್ದೀಯ. ಆ ಹುಡುಗಿ ಹತ್ಲಿ. ನೀನು ಬಾ ನನ್ನ ಜೊತೆ ಕೆಳಗೆ, ನಿನ್ನ ಗಾಡಿ ನಿನ್ನ ಕೈಯಲ್ಲೇ ನೋಡ್ಕೋ."

ಇದಕ್ಕೆ ಇಲ್ಲ ಎನ್ನಲು ದಾರಿಯಿರಲಿಲ್ಲ. ಭೀಮರಾಜ ಗೋಣಿಚೀಲದ ಮೇಲೆ ಅಂಗಾತ ಮಲಗಿದ. ಮುಖದ ಮೇಲೆಯೇ ಎರಡು ಮುಂದಿನ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಉದ್ದನೆಯ ಸರಳು, ಟೈರಾಡ್. ಅದರ ಎರಡೂ ತುದಿಗೆ ಗುಂಡುತಲೆಯ ಒಂದೊಂದು ಕೀಲು. ಅಪ್ಪಯ್ಯಣ್ಣ ಅವನ ಅಂಗೈ ಎಳೆದು ಎಡತುದಿಯ ಕೀಲಿನ ಮೇಲಿಟ್ಟ. "ಹೂಂ, ಅಲ್ಲಾಡ್ಸಮ್ಮ!"

ಅವಳು ಪೂರ್ತಿ ತಿರುಗಿಸಿದಳು. ಟಕ್. ಈ ಕಡೆ, ಟಕ್. ಕೀಲು ಅಂಗೈಯೊಳಗೆ ಕುಪ್ಪಳಿಸಿತು. ಎರಡು ವರ್ಷ ಅವನು ಸ್ಟೀರಿಂಗಿನ ಈ ತುದಿಯಲ್ಲಿ ಕೂತು ಸಂಭಾಳಿಸಿಕೊಂಡು ಬಂದದ್ದು ಆ ತುದಿಯಲ್ಲಿ ಹೀಗೆ ಬಡಿದುಕೊಳ್ಳುತ್ತಿತ್ತೆಂದು ಅವನ ಕೈಗೆ ಗೊತ್ತಾದದ್ದು ಈಗಲೇ. ಗುಂಡುತಲೆ ಗೂಡಿನಿಂದ ಅರ್ಧ ಮೇಲೆದ್ದು ಕೂರುತ್ತಿತ್ತು. ಹೆದರಿಕೆಯಾಯಿತು, ನಿಜ. ಆದರೆ ಹೆದರಿಕೆಗಿಂತ ಮುಂಚೆ ಬಂದದ್ದು ಸಿಟ್ಟು. ಎಷ್ಟು ಸಲೀಸಾಗಿ ತಿರುಗಿಸುತ್ತಿದ್ದಾಳೆ ನೋಡು, ತನ್ನ ಸೀಟಿನಲ್ಲಿ ಕೂತು!

"ಇದು ಹೋಗಿದೆ, ಅದು ಹೋಗಿದೆ, ಮೇಲಿಂದ ಬರೋ ಸರಳಿಂದೂ ಹೋಗಿದೆ," ಎಂದು ಅಪ್ಪಯ್ಯಣ್ಣ ಮೂರು ಕಡೆ ಬೆರಳಿಟ್ಟು ತೋರಿಸಿದ. "ನಡುರಸ್ತೇಲಿ ಗುಂಡು ಕಳಚ್ಕೊಂಡಿದ್ರೆ ಚಕ್ರ ಒಂದು ಕಡೆ, ನೀನೊಂದು ಕಡೆ. ಸ್ಟೀರಿಂಗ್ ಬಾಕ್ಸಿನ ಸ್ಕ್ರೂನೂ ಯಾವನೋ ಬೇವಾರ್ಸಿ ಬಿಗಿದಿದ್ದಾನೆ. ಕೀಲು ಹೋದ್ರೆ ಬಾಕ್ಸ್ ಬಿಗಿಯೋದಾ? ಕಾಲು ನೋವಿಗೆ ಕತ್ತಿಗೆ ಪಟ್ಟಿ!"

ಆ ಯಾವನೋ ಪಕ್ಕದಲ್ಲೇ ಮಲಗಿ ಗಾಡಿಯ ತಳ ನೋಡುತ್ತಿದ್ದ.

ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಕಿತ್ತು, ನಟ್ಟು ಸಡಿಲಿಸಿ, ಪಕ್ಕದಿಂದ ಸುತ್ತಿಗೆಯಲ್ಲಿ ಎರಡು ಏಟು ಹಾಕಿದಾಗ ಎಡಗಡೆಯ ಕೀಲು ಕಳಚಿ ಬಂತು. ಅದರ ಕುತ್ತಿಗೆಗೆ ಏನೋ ಮುದ್ದೆ ಸುತ್ತಿತ್ತು. ಅಪ್ಪಯ್ಯಣ್ಣ ಅದನ್ನು ಕಿತ್ತು ಬೆಳಕಿಗೆ ಹಿಡಿದ. ಗ್ರೀಸಿನಲ್ಲಿ ಅದ್ದಿದ ರೇಷ್ಮೆ ನೂಲಿನ ಚಿಂದಿ, ಮೇಲೆ ಬಿಗಿಯಾಗಿ ಸುತ್ತಿ ಸಣ್ಣ ಸಣ್ಣ ಗಂಟು. "ಇದ್ಯಾವನ್ಲಾ ಟೈರಾಡಿಗೆ ಸೀರೆ ಉಡಿಸಿರೋನು?"

"ನೆಲಮಂಗಲದಲ್ಲಿ ಯಾರೋ ಮೆಕ್ಯಾನಿಕ್ಕು ಕಟ್ಟಿದ್ದ, ಹಿಂದೆ ಯಾವಾಗ್ಲೋ," ಎಂದ ಭೀಮರಾಜ. ಸುಳ್ಳು ಬಾಯಿಂದ ತಾನಾಗಿಯೇ ಬಂತು.

ಮುದುಕ ಅದನ್ನು ನೆಲಕ್ಕೆ ಎಸೆದ. ಪವಿತ್ರ ಬಗ್ಗಿ ಎತ್ತಿಕೊಂಡಳು. ಉಗುರಿನಿಂದ ಗ್ರೀಸು ಕೆರೆದಳು. ಒಳಗೆ ಜಂಬುನೇರಳೆ ಬಣ್ಣ. ಆ ಬಣ್ಣದ ಹಾಸು ಶೆಡ್ಡಿಗೆ ಬಂದದ್ದು ಒಂದೇ ಸಲ, ಎರಡು ವರ್ಷದ ಹಿಂದೆ. ಬಣ್ಣ ಬಿಡುತ್ತದೆ ಎಂದು ಮತ್ತೆ ಯಾರೂ ಹಾಕಿಸಲಿಲ್ಲ. ಅದರ ಎಳೆಯೆಳೆಯನ್ನೂ ಸೇರಿಸಿದವಳು ಇವಳೇ. ಆ ಗಂಟೋ, ಮಗ್ಗದ ಮುಂದೆ ಕೂತವರು ಮಾತ್ರ ಹಾಕುವ ಗಂಟು. ಭೀಮರಾಜ ಡ್ರೈವರಾಗುವ ಮೊದಲು ಅದೇ ಶೆಡ್ಡಿನಲ್ಲಿ ಐದು ವರ್ಷ ನೇಯ್ದಿದ್ದ. ಯಾವ ಊರಿನ ಮೆಕ್ಯಾನಿಕ್ಕಿಗೆ ಬರುತ್ತದೆ ಅದು?

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಮುದ್ದೆಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

ಬೈದಿದ್ದರೆ ಚೆನ್ನಾಗಿತ್ತು. ಅವನೂ ನಾಲ್ಕು ಮಾತು ಆಡಿ, ಜಗಳ ತೆಗೆದು, ಗೆದ್ದೋ ಸೋತೋ ಮುಗಿಸುತ್ತಿದ್ದ. ಬಾಯಿ ಮುಚ್ಚಿಕೊಂಡಿರುವವರ ಹತ್ತಿರ ಹೇಗೆ ಜಗಳ ಆಡುವುದು?

ಅಪ್ಪಯ್ಯಣ್ಣ ಹಳೆಯ ಕೀಲನ್ನು ತಿರುಪಿ ಬಿಚ್ಚುವಾಗ ಎಷ್ಟು ಸುತ್ತು ಎಂದು ಗಟ್ಟಿಯಾಗಿ ಎಣಿಸಿದ. ಹದಿನಾರು. ಹೊಸದನ್ನೂ ಹದಿನಾರೇ ಸುತ್ತು ಹಾಕಿದ. ಮೂರೂ ಕೀಲು ಕೂತು, ಹೊಸ ಪಿನ್ನು ಬಿದ್ದು, ಬಾಕ್ಸಿನ ಸ್ಕ್ರೂ ಅರ್ಧ ಸುತ್ತು ಸಡಿಲವಾದ ಮೇಲೆ, ಚಕ್ರ ನೇರ ಮಾಡಲು ದಾರ ಬೇಕೆಂದ. ಎರಡು ಚಕ್ರಗಳ ಮುಂದಿನ ಅಂಚಿನ ನಡುವೆ ದಾರ ಹಿಡಿದು ನೋಡಬೇಕು, ಅದೇ ದಾರವನ್ನು ಹಿಂದಿನ ಅಂಚಿಗೂ ಹಿಡಿದು ನೋಡಬೇಕು, ಎರಡೂ ಅಳತೆ ಹೊಂದಬೇಕು. ಪವಿತ್ರ ಗಾಡಿಯಲ್ಲಿದ್ದ ನೂಲಿನುಂಡೆ ತಂದು ಒಂದು ತುದಿ ಹಿಡಿದಳು, ಇನ್ನೊಂದು ತುದಿ ಭೀಮರಾಜನಿಗೆ.

"ಬಿಗಿ ಹಿಡೀರಿ ಅಣ್ಣಾ, ಜೋಲು ಬಿದ್ದಿದೆ."

"ಶಭಾಷ್, ಈ ಹುಡುಗಿ ಕಣ್ಣು ನೋಡ್ಲಾ!" ಎಂದ ಅಪ್ಪಯ್ಯಣ್ಣ. ಮೂವತ್ತು ವರ್ಷದ ಪರಿಚಯದಲ್ಲಿ ಮುದುಕ ಭೀಮರಾಜನಿಗೆ ಶಭಾಷ್ ಎಂದದ್ದು ಒಂದು ಸಲವೂ ಇಲ್ಲ.

ವಾಪಸು ಬರುವಾಗ ಓಡಿಸಲು ಕೂತವನು ಭೀಮರಾಜ. ಕೇಳಲೂ ಇಲ್ಲ, ಸೀದಾ ಹತ್ತಿದ. ಎಷ್ಟಾದರೂ ಹದಿನಾಲ್ಕು ವರ್ಷದ ಕೈ, ಬಿಗಿ ಗಾಡಿಯಾದರೆ ಇನ್ನೂ ಚೆನ್ನಾಗಿ ಓಡಿಸುತ್ತದೆ, ಇವಳು ನೋಡಲಿ ಎಂದುಕೊಂಡ. ರಸ್ತೆಗೆ ಹತ್ತಿಸಿ ಮೂರನೇ ಗೇರಿಗೆ ಹಾಕಿದ್ದೇ, ಅವನ ಕೈ ಅಭ್ಯಾಸದ ಹಾಗೆ ಒಂದು ಅಂಗೈ ಬಲಕ್ಕೆ ಹಿಡಿಯಿತು. ಗಾಡಿ ಬಾಣದ ಹಾಗೆ ಬಲಕ್ಕೆ ನುಗ್ಗಿತು. ಎದುರಿಗೆ ಹಾಲಿನ ಟೆಂಪೋ. ಅಯ್ಯೋ ಎಂದು ಎಡಕ್ಕೆ ಎಳೆದ, ಎರಡು ಸಲ ಕುಲುಕಿದ. ಗಾಡಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂರಾಡಿ ಮಣ್ಣಿನ ದಾರಿಗಿಳಿದು ಹುಣಸೆಮರಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಟೆಂಪೋದವನು ತಾಯಿ ಅಕ್ಕ ಎಲ್ಲರನ್ನೂ ನೆನೆಸಿಕೊಂಡು ಮುಂದೆ ಹೋದ.

ಮತ್ತೆ ಹೊರಟ. ಮತ್ತೆ ಅದೇ ಹಾವಿನ ನಡಿಗೆ. ಬೆವರು ಕಣ್ಣಿಗಿಳಿಯಿತು. ಅವನಿಗೆ ಬರುತ್ತಿದ್ದದ್ದು ಓಡಿಸುವುದಲ್ಲ, ಆ ಸಡಿಲವನ್ನು ಓಡಿಸುವುದು. ಅದು ಹೋಗಿತ್ತು.

"ಅಣ್ಣಾ," ಎಂದಳು ಪವಿತ್ರ ಮೆಲ್ಲಗೆ, "ಕೈ ಬಿಡಿ. ಅದೇ ಹೋಗುತ್ತೆ."

"ಏನಂದೆ?"

"ರಸ್ತೆ ಖಾಲಿ ಇದೆ. ಒಂದ್ಸಲ ಬಿಟ್ಟು ನೋಡಿ."

ಅವನು ಬೆರಳು ಬಿಡಿಸಿದ. ಗಾಡಿ ನೆಟ್ಟಗೆ ಹೋಯಿತು. ಅವನು ಹಿಡಿಯದೆ, ಅವನು ಇಲ್ಲದೆ, ಗೆರೆ ಎಳೆದ ಹಾಗೆ ಹೋಯಿತು. ಭೀಮರಾಜನಿಗೆ ಅಳು ಬಂದಂತಾಯಿತು. ಪವಿತ್ರಳ ಮೇಲಿನ ಹೊಟ್ಟೆಕಿಚ್ಚು ಒಂದು ಕಡೆಯಿರಲಿ, ಆ ಗಳಿಗೆಯಲ್ಲಿ ಅವನಿಗೆ ಗಾಡಿಯ ಮೇಲೇ ಹೊಟ್ಟೆಕಿಚ್ಚಾಯಿತು.

ಶೆಡ್ಡಿಗೆ ಬಂದಾಗ ಸಂಜೆ ನಾಲ್ಕೂವರೆ. ಭಾನುವಾರವಾದ್ದರಿಂದ ಮಗ್ಗಗಳೆಲ್ಲ ನಿಂತಿದ್ದವು, ಕೋದಂಡರಾಮಯ್ಯನವರು ಒಬ್ಬರೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಏನಂದ ಅಪ್ಪಯ್ಯಣ್ಣ?"

"ಮೂರು ಜಾಯಿಂಟ್ ಹೋಗಿತ್ತು. ಹೊಸದು ಹಾಕಿದ್ದಾರೆ," ಎಂದಳು ಪವಿತ್ರ.

"ಹಂಗಾದ್ರೆ ಅವತ್ತು ನಿಂದೇನೂ ತಪ್ಪಿಲ್ಲ ಅನ್ನು. ಲೇ ಭೀಮ, ದಿನಾ ಓಡಿಸೋನು ನೀನು, ನಿಂಗೆ ಗೊತ್ತಾಗ್ಲಿಲ್ವೇನೋ?"

ಭೀಮರಾಜ ಪವಿತ್ರಳ ಕಡೆ ನೋಡಿದ. ಈಗ ಹೇಳುತ್ತಾಳೆ, ಹೇಳಲಿ. ಅವಳು ದುಪ್ಪಟ್ಟದ ತುದಿಯಲ್ಲಿ ಗ್ರೀಸು ಒರೆಸಿಕೊಳ್ಳುತ್ತಾ ನಿಂತಿದ್ದಳು. ಬಾಯಿ ಬಿಡಲಿಲ್ಲ. ಅವನನ್ನು ಉಳಿಸುತ್ತಿದ್ದಳು! ಕಂಬಕ್ಕೆ ಬಡಿದು ಇಪ್ಪತ್ತು ಜನರ ಮುಂದೆ ನಗೆಪಾಟಲಾದವಳು, ನಗಿಸಿದವನನ್ನು ಉಳಿಸುತ್ತಿದ್ದಳು. ಅವನ ಮೈಯೆಲ್ಲ ಉರಿದುಹೋಯಿತು. ಕಾಫಿ ಅವಳಿಗೆ, ಶಭಾಷ್ ಅವಳಿಗೆ, ಗಾಡಿಯೂ ಅವಳಿಗೇ ಹೋಗುವಂತಿದೆ. ಈಗ ಒಳ್ಳೇತನವೂ ಅವಳೊಬ್ಬಳದೇ ಏನು? ಸಾಯುವವರೆಗೂ ಇವಳ ದೊಡ್ಡ ಮನಸ್ಸಿನ ನೆರಳಲ್ಲಿ ತಾನು ತಲೆ ತಗ್ಗಿಸಿಕೊಂಡು ಓಡಾಡಬೇಕೇನು? ಅದೊಂದನ್ನು ಮಾತ್ರ ಇವಳಿಗೆ ಕೊಡುವುದಿಲ್ಲ.

"ಗೊತ್ತಿತ್ತು ಯಜಮಾನ್ರೇ," ಎಂದುಬಿಟ್ಟ. "ಎರಡು ವರ್ಷದಿಂದ ಗೊತ್ತಿತ್ತು. ನೂಲು ಸುತ್ತಿ ಕಟ್ಟಿದ್ದೂ ನಾನೇ. ಬೇರೆ ಯಾರೂ ಓಡ್ಸೋಕೆ ಆಗ್ಬಾರ್ದು ಅಂತ ಸುಮ್ನಿದ್ದೆ. ಅವತ್ತು ಇವಳು ಕೇಳಿದ್ಲು, ಬೇಕಂತ್ಲೇ ಹೇಳ್ಲಿಲ್ಲ."

ಕೋದಂಡರಾಮಯ್ಯನವರು ಕೂಗಾಡಲಿಲ್ಲ. ಕೂತಲ್ಲಿಂದಲೇ ಗಾಡಿಯ ಮುಂದಿನ ಚಕ್ರದ ಕಡೆ ನೋಡಿದರು. ಆಮೇಲೆ ಕೇಳಿದರು:

"ಮಳೆ ಬಂದಾಗೆಲ್ಲ ಮೊಮ್ಮಗಳು ಸ್ನೇಹನ್ನ ಸ್ಕೂಲಿಂದ ಕರ್ಕೊಂಡು ಬರ್ತಿದ್ದೆಯಲ್ಲ. ಅದು ಇದೇ ಗಾಡೀಲೇ ಅಲ್ವೇನೋ?"

ಎರಡು ವರ್ಷದಲ್ಲಿ ಆ ಮಗುವನ್ನು ಭೀಮರಾಜ ಒಂದು ಸಲವೂ ಈ ಲೆಕ್ಕದಲ್ಲಿ ಯೋಚಿಸಿರಲಿಲ್ಲ. ಅಂಗೈಯಲ್ಲಿ ಕೀಲು ಕುಪ್ಪಳಿಸಿದ್ದು ಮಾತ್ರ ಈಗ ಮತ್ತೆ ಕುಪ್ಪಳಿಸಿದಂತಾಯಿತು.

"ಕೀ ಅವಳಿಗೆ ಕೊಡು," ಎಂದರು ಯಜಮಾನರು ಎದ್ದು ನಿಂತು. "ನಾಳೆಯಿಂದ ನೀನು ಲೋಡ್ ಹೊರೋಕೆ ಹೋಗು." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂಗಳದಲ್ಲಿ ಇಬ್ಬರೇ ಉಳಿದರು. ಭೀಮರಾಜ ಕೀ ಚಾಚಿದ. ಪವಿತ್ರ ತೆಗೆದುಕೊಳ್ಳಲಿಲ್ಲ. ಅವಳ ಮುಖ ಕಂಬಕ್ಕೆ ಬಡಿದ ದಿನಕ್ಕಿಂತ ಕೆಂಪಾಗಿತ್ತು.

"ಯಾಕೆ ಹೇಳಿದ್ರಿ?"

"ನೀನು ನನ್ನನ್ನ ಕಾಪಾಡೋದು ಬೇಕಿರ್ಲಿಲ್ಲಮ್ಮ."

"ಯಾರು ಕಾಪಾಡಿದ್ದು?" ಕರವಸ್ತ್ರ ಬಿಚ್ಚಿ ಜಂಬುನೇರಳೆ ನೂಲಿನ ಮುದ್ದೆ ತೋರಿಸಿದಳು. "ನಾಳೆ ಹೇಳೋಣ ಅಂತ ಎತ್ತಿಟ್ಕೊಂಡಿದ್ದೆ. ಬೆಳಿಗ್ಗೆ ಎಲ್ಲರೂ ಬಂದ್ಮೇಲೆ, ನಿಮ್ಮನ್ನ ನಡುವೆ ನಿಲ್ಸಿ, ಇದನ್ನ ಎತ್ತಿ ಹಿಡಿದು. ಹನ್ನೊಂದು ದಿನ ಬಾಯಲ್ಲಿ ಹಾರ್ನ್ ಹೊಡೆದ್ರಲ್ಲ, ಅವರೆಲ್ಲರ ಮುಂದೆ. ದಾರಿಯುದ್ದಕ್ಕೂ ಅದನ್ನೇ ಯೋಚ್ನೆ ಮಾಡ್ಕೊಂಡು ಬಂದೆ. ಅದನ್ನೂ ಕಿತ್ಕೊಂಡ್ಬಿಟ್ರಲ್ಲ ಅಣ್ಣಾ, ಅದನ್ನೂ ನೀವೇ ತಗೊಂಡ್ಬಿಟ್ರಿ!"

ಭೀಮರಾಜ ಬೆಪ್ಪಾಗಿ ನಿಂತ. ಹಾಗಾದರೆ ಇವಳು ದೇವತೆಯಲ್ಲ. ತನ್ನ ಹಾಗೆಯೇ ಒಳಗೊಳಗೇ ಕುದ್ದವಳು, ಹೊಂಚು ಹಾಕಿದವಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋಯಿತು. ಸೀಟು ಹೋಗಿತ್ತು, ಮಾನ ಹೋಗಿತ್ತು, ಆದರೂ ಅವಳ ಮುಖ ನೋಡಲು ಅವನಿಗೆ ಮೊದಲ ಸಲ ಸಂಕಟವಾಗಲಿಲ್ಲ.

"ನಾಳೆ ಹೇಳು," ಎಂದ. "ಎಲ್ಲರೂ ಬರ್ಲಿ. ನಾನೇನೂ ಬಾಯಿ ಬಿಟ್ಟಿಲ್ಲ ಅಂದ್ಕೊಂಡು ಹೇಳು. ನಾನು ನಡುವೆ ಬಂದು ನಿಂತ್ಕೋತೀನಿ."

ಸೋಮವಾರ ಬೆಳಿಗ್ಗೆ ಅವಳು ಹೇಳಿದಳು. ಒಂದನ್ನೂ ಬಿಡಲಿಲ್ಲ. ಮೂರೂವರೆ ಬೆರಳಿನ ಕಳ್ಳಾಟವನ್ನು ಅವನ ಗಂಟಿಕ್ಕಿದ ಹಣೆಯ ಸಮೇತ ಮಾಡಿ ತೋರಿಸಿದಳು, ಟೈರಾಡಿಗೆ ಉಡಿಸಿದ ಸೀರೆಯನ್ನು ಎಲ್ಲರ ಮೂಗಿಗೂ ಹಿಡಿದಳು. ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭೀಮರಾಜ ನಡುವೆ ಕೈಕಟ್ಟಿ ನಿಂತಿದ್ದ. ಕಿವಿ ಕಾಯುತ್ತಿತ್ತು. ಓಡಿಹೋಗಬೇಕೆನಿಸಿತು, ಓಡಲಿಲ್ಲ. ನಗು ಎಷ್ಟು ಹೊತ್ತಾದರೂ ನಿಲ್ಲುವುದೇ ಇಲ್ಲವೇನೋ ಎನಿಸಿತು, ಪವಿತ್ರಳಿಗೆ ಅದು ಹನ್ನೊಂದು ದಿನ ನಿಂತಿರಲಿಲ್ಲ.

ಆಮೇಲೆ ಅವನು ನೂಲಿನ ಮೂಟೆಗಳನ್ನು ಹೊತ್ತು ಗಾಡಿಗೆ ತುಂಬಿದ. ಮುಂದಿನ ಸೀಟಿನಲ್ಲಿ ಜರಿಯ ಪೆಟ್ಟಿಗೆ ಇತ್ತು, ಜಾಗವಿರಲಿಲ್ಲ. ಹಿಂದೆ ಮೂಟೆಗಳ ನಡುವೆ ಹತ್ತಿ ಕೂತ. ಗಾಡಿ ಹೊರಟಿತು. ಹಿಂದಿನ ಗಾಜಿನಿಂದ ಸ್ಟೀರಿಂಗಿನ ಮೇಲೆ ಅವಳ ಎರಡು ಕೈ ಕಾಣುತ್ತಿದ್ದವು. ಅವು ಹೆಚ್ಚು ಕಡಿಮೆ ಅಲ್ಲಾಡುತ್ತಲೇ ಇರಲಿಲ್ಲ. ಸಾಸಲು ಬರುವವರೆಗೂ ಅವನು ಆ ಕೈಗಳನ್ನೇ ನೋಡುತ್ತಾ ಕೂತಿದ್ದ.